ಬಿಚ್ಚಿ ನೋಡಿದವರ ಕಾರು

ಹದಿನೆಂಟರ ಹುಡುಗನೊಬ್ಬ ಕಾರು ಕಂಪನಿಯ ಯಜಮಾನರ ಎದುರು ನಿಂತು, ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂಜಿನ್ ಸರಿಹೋಗದು ಎಂದು ವಾದಿಸಿದರೆ ಏನಾದೀತು? ಬಹಳ ಕಡೆ ಆ ಹುಡುಗ ಮರುದಿನ ಬೇರೆ ಕೆಲಸ ಹುಡುಕಬೇಕಾದೀತು. ಆದರೆ 1921ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪ ಹಾಗಾಗಲಿಲ್ಲ. ಯಜಮಾನರು ಹುಡುಗನ ಮಾತು ಕೇಳಿದರು. ಅದರಿಂದ ಹುಟ್ಟಿದ ಪುಟ್ಟ ಕಾರು ನೂರು ವರ್ಷ ದಾಟಿದ ಮೇಲೂ ರಸ್ತೆಯಲ್ಲಿ ಓಡುತ್ತಿದೆ, ಗುಡ್ಡ ಹತ್ತುತ್ತಿದೆ, ಪಂದ್ಯ ಗೆಲ್ಲುತ್ತಿದೆ.

ಆ ಯಜಮಾನರು ಸರ್ ಹರ್ಬರ್ಟ್ ಆಸ್ಟಿನ್. ಹುಡುಗ ಸ್ಟ್ಯಾನ್ಲಿ ಎಡ್ಜ್, ಲಾಂಗ್‌ಬ್ರಿಜ್ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದ ಕಿರಿಯ ನೌಕರ. ಕಾರಿನ ಹೆಸರು ಆಸ್ಟಿನ್ ಸೆವೆನ್.

ಮೊದಲ ಮಹಾಯುದ್ಧ ಮುಗಿದಿತ್ತು. ಆಸ್ಟಿನ್ ಕಂಪನಿಯ ದೊಡ್ಡ ಕಾರುಗಳನ್ನು ಕೊಳ್ಳುವ ಶಕ್ತಿ ಜನರಲ್ಲಿ ಉಳಿದಿರಲಿಲ್ಲ. 1921ರಲ್ಲಿ ಕಂಪನಿ ಸಾಲಗಾರರ ಹಿಡಿತಕ್ಕೆ ಹೋಯಿತು. ಸಾಮಾನ್ಯ ಸಂಸಾರವೊಂದು ಕೊಳ್ಳಬಹುದಾದ ಚಿಕ್ಕ ಕಾರು ಮಾಡೋಣವೆಂದರೆ ನಿರ್ದೇಶಕರು ಒಪ್ಪಲಿಲ್ಲ. ಆಸ್ಟಿನ್ ಹಟ ಬಿಡಲಿಲ್ಲ. ಸ್ವಂತ ದುಡ್ಡು ಹಾಕಿ, ಎಡ್ಜ್‌ನನ್ನು ಲಿಕ್ಕಿ ಗ್ರೇಂಜ್ ಎಂಬ ತಮ್ಮ ಮನೆಗೇ ಕರೆಸಿ, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ನಕ್ಷೆ ಬರೆಯಲು ಕೂರಿಸಿದರು. ಆಸ್ಟಿನ್ ಅವರ ಒಲವು ಎರಡು ಸಿಲಿಂಡರಿನ ಎಂಜಿನ್ ಕಡೆಗಿತ್ತು. ನಾಲ್ಕು ಪುಟ್ಟ ಸಿಲಿಂಡರುಗಳಾದರೆ ನಡುಕ ಕಡಿಮೆ, ಓಟ ನಯ ಎಂಬುದು ಹುಡುಗನ ವಾದ. ಕೊನೆಗೆ ಗೆದ್ದದ್ದು ನಾಲ್ಕು ಸಿಲಿಂಡರ್. 1922ರಲ್ಲಿ ಕಾರು ಹೊರಬಂತು. ಮಾರಾಟವಾದ ಪ್ರತಿ ಕಾರಿಗೂ ಎರಡು ಗಿನಿಯಂತೆ ಆಸ್ಟಿನ್ ಅವರಿಗೆ ರಾಯಧನ ಬಂತು. 1939ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಯಾರಾದ ಸೆವೆನ್‌ಗಳ ಸಂಖ್ಯೆ ಸುಮಾರು 2,90,000!

ತೆರಿಗೆ ತಿದ್ದಿದ ಎಂಜಿನ್

ಇದರ ಎಂಜಿನ್ ಹೀಗೇಕಿದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಹೈಸ್ಕೂಲು ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. 1921ರಿಂದ ಬ್ರಿಟನ್ನಿನಲ್ಲಿ ಕಾರಿನ ವಾರ್ಷಿಕ ತೆರಿಗೆ ಒಂದು ಅಶ್ವಶಕ್ತಿಗೆ ಒಂದು ಪೌಂಡ್. ಆದರೆ ಆ ಅಶ್ವಶಕ್ತಿಯನ್ನು ಎಂಜಿನ್ ಓಡಿಸಿ ಅಳೆಯುತ್ತಿರಲಿಲ್ಲ. ಸಿಲಿಂಡರಿನ ವ್ಯಾಸವನ್ನು ಅಂಗುಲದಲ್ಲಿ ತೆಗೆದುಕೊಂಡು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸುತ್ತಿದ್ದರು. ಅಷ್ಟೇ.

ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರಿನ ಸಿಲಿಂಡರ್ ವ್ಯಾಸ 3.75 ಅಂಗುಲ. ಈ ಸೂತ್ರದಂತೆ ಅದು 22.5 ಅಶ್ವಶಕ್ತಿ, ತೆರಿಗೆ 23 ಪೌಂಡ್. ಆಸ್ಟಿನ್ ಸೆವೆನ್‌ನ ವ್ಯಾಸ 2.2 ಅಂಗುಲ. ವರ್ಗ 4.84, ನಾಲ್ಕರಿಂದ ಗುಣಿಸಿದರೆ 19.36, 2.5ರಿಂದ ಭಾಗಿಸಿದರೆ ಸುಮಾರು 7.7. ತೆರಿಗೆ ಬರೀ 8 ಪೌಂಡ್!

ಸೂತ್ರದಲ್ಲಿ ಒಂದು ಸಂಗತಿ ಬಿಟ್ಟುಹೋಗಿರುವುದನ್ನು ಗಮನಿಸಿದಿರಾ? ಪಿಸ್ಟನ್ ಎಷ್ಟು ದೂರ ಮೇಲೆ ಕೆಳಗೆ ಚಲಿಸುತ್ತದೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ಆ ಕಾಲದ ಬ್ರಿಟಿಷ್ ಎಂಜಿನಿಯರುಗಳು ಸಿಲಿಂಡರನ್ನು ಸಪೂರ ಮಾಡಿ ಉದ್ದಕ್ಕೆ ಬೆಳೆಸಿದರು. ಸೆವೆನ್‌ನ ಪಿಸ್ಟನ್ ಚಲಿಸುವ ದೂರ 3 ಅಂಗುಲ. ಎಂಜಿನ್ನಿನ ಗಾತ್ರ 747 ಸಿ.ಸಿ. ಸರ್ಕಾರದ ಒಂದು ಸೂತ್ರ ಲೋಹದ ಆಕಾರವನ್ನೇ ಬದಲಿಸಿದ ಕಥೆಯಿದು.

ಉಳಿದದ್ದೂ ಹೀಗೇ ಮಿತವ್ಯಯ. ಎರಡು ಉಕ್ಕಿನ ಪಟ್ಟಿಗಳು ಇಂಗ್ಲಿಷಿನ ‘ಎ’ ಅಕ್ಷರದಂತೆ ಮುಂದೆ ಕೂಡಿ ಹಿಂದೆ ಅಗಲವಾದರೆ ಚಾಸಿ ಸಿದ್ಧ. ಮುಂದಿನ ಅಚ್ಚಿಗೆ ಅಡ್ಡಲಾಗಿ ಒಂದೇ ಸ್ಪ್ರಿಂಗ್. ಎಂಜಿನ್ ತಣಿಸಲು ನೀರಿನ ಪಂಪೇ ಇಲ್ಲ. ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ತಾನಾಗಿಯೇ ರೇಡಿಯೇಟರ್ ಸುತ್ತಿ ಬರುತ್ತದೆ. ಮೊದಲ ಸೆವೆನ್‌ಗಳ ತೂಕ ಮಾಡೆಲ್ ಟಿಯ ಅರ್ಧದಷ್ಟು ಮಾತ್ರ. ಆದರೂ ಆಗಿನ ಎಷ್ಟೋ ದೊಡ್ಡ ಕಾರುಗಳಿಗೆ ಇಲ್ಲದಿದ್ದ ಒಂದು ಸೌಲಭ್ಯ ಇದಕ್ಕಿತ್ತು: ನಾಲ್ಕೂ ಚಕ್ರಗಳಿಗೆ ಬ್ರೇಕು.

ನಿಲ್ಲಿಸಿಟ್ಟರೆ ಕೆಡುತ್ತದೆ

ಧರ್ಮಸ್ಥಳಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳು ಅಲ್ಲಿನ ಕಾರುಗಳ ಸಂಗ್ರಹಾಲಯವನ್ನು ಬೆರಗಿನಿಂದ ನೋಡಿ ಬರುತ್ತಾರೆ. ಹಳೆಯ ಕಾರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಇಂಥದೇ ಚಿತ್ರ: ಉಜ್ಜಿ ಹೊಳಪೇರಿಸಿ, ಮುಟ್ಟದಂತೆ ಕಾಪಾಡಿದ ವಸ್ತು. ಬ್ರಿಟನ್ನಿನ ಆಸ್ಟಿನ್ ಸೆವೆನ್ ಪ್ರೇಮಿಗಳದು ಬೇರೆ ದಾರಿ. ಸಂತೆಗೆ, ಕೆಲಸಕ್ಕೆ, ನೆಂಟರ ಮನೆಗೆ ಅದರಲ್ಲೇ ಹೋಗುವವರು ಈಗಲೂ ಇದ್ದಾರೆ. ನಲವತ್ತು ವರ್ಷ ದಾಟಿದ, ಮೂಲರೂಪ ತೀರಾ ಬದಲಾಗದ ಕಾರುಗಳಿಗೆ ಅಲ್ಲಿ ವಾಹನ ತೆರಿಗೆ ಇಲ್ಲ. ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೆ ಕಾರು ಸುರಕ್ಷಿತವಾಗಿರಬೇಕಾದ ಹೊಣೆ ಮಾತ್ರ ಓಡಿಸುವವರದೇ.

ಅವರು ಓಡಿಸುವುದು ಬರಿಯ ಷೋಕಿಗಲ್ಲ. ನಿಂತ ಯಂತ್ರ ಬೇಗ ಕೆಡುತ್ತದೆ. ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟುಗಟ್ಟುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕಿನ ತಂತಿಗೆ ತುಕ್ಕು ಹಿಡಿಯುತ್ತದೆ, ಟೈರು ಒಂದೇ ಮಗ್ಗುಲಲ್ಲಿ ಕೂತು ಚಪ್ಪಟೆಯಾಗುತ್ತದೆ. ಓಡಿಸಿದರೆ ಎಣ್ಣೆ ಎಲ್ಲ ಕಡೆ ಹರಿಯುತ್ತದೆ. ಕೆಡುವ ಮುಂಚೆಯೇ ಸದ್ದಿನಲ್ಲಿ ಸುಳಿವು ಸಿಗುತ್ತದೆ.

ಓಡಿಸುವುದೂ ಒಂದು ವಿದ್ಯೆಯೇ. ಸೆವೆನ್‌ನ ಕ್ಲಚ್ ಪೆಡಲು ಚಲಿಸುವುದು ಕೂದಲೆಳೆಯಷ್ಟು ಎಂದು ತಮಾಷೆ ಮಾಡುವುದುಂಟು. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು! ಹೊಸಬರು ಹೊರಡುವಾಗ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ. ಆರಂಭದ ಕಾರುಗಳಲ್ಲಿ ಗೇರಿನ ಹಲ್ಲುಗಳ ವೇಗ ತಾನಾಗಿ ಹೊಂದಿಕೊಳ್ಳುವ ಏರ್ಪಾಡಿಲ್ಲ. ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ಒತ್ತಿ ಗೇರು ಬಿಡಿಸಬೇಕು, ಕ್ಲಚ್ ಬಿಟ್ಟು ಎಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಹೊಸ ಗೇರು ಹಾಕಬೇಕು. ಲೆಕ್ಕ ತಪ್ಪಿದರೆ ಹಲ್ಲು ಕಡಿಯುವ ಕರ್ಕಶ ಸದ್ದು ಬೀದಿಗೆಲ್ಲ ಕೇಳಿಸುತ್ತದೆ.

ಇನ್ನು ಬ್ರೇಕು. ನಾಲ್ಕು ಚಕ್ರಕ್ಕೂ ಇದೆ ನಿಜ. ಆದರೆ 1930ರವರೆಗಿನ ಕಾರುಗಳಲ್ಲಿ ಕಾಲಿನ ಪೆಡಲು ಹಿಂದಿನ ಚಕ್ರಗಳಿಗೆ, ಕೈಯ ಲಿವರು ಮುಂದಿನ ಚಕ್ರಗಳಿಗೆ! ಎರಡನ್ನೂ ಒಟ್ಟಿಗೆ ಹಾಕಿದರೂ ಇಂದಿನ ಕಾರಿನಂತೆ ತಟ್ಟನೆ ನಿಲ್ಲದು. ಆದ್ದರಿಂದ ಗಂಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ನೆಮ್ಮದಿ. ಚಾಲಕನ ಕಣ್ಣು ಮುಂದಿನ ವಾಹನದ ಮೇಲಲ್ಲ, ಅದಕ್ಕೂ ಮುಂದಿನ ತಿರುವಿನ ಮೇಲಿರಬೇಕು. ಇದನ್ನು ಕಲಿತವರು ಯಾವ ಕಾರನ್ನಾದರೂ ಎಚ್ಚರದಿಂದ ಓಡಿಸಬಲ್ಲರು.

ಬಿಚ್ಚು, ತೊಳೆ, ಜೋಡಿಸು

ಸೆವೆನ್ ಕೆಡುತ್ತದೆಯೇ? ಧಾರಾಳವಾಗಿ ಕೆಡುತ್ತದೆ. ಆದರೆ ಏಕೆ ಕೆಟ್ಟಿತು ಎಂಬುದನ್ನು ಬಚ್ಚಿಡುವುದಿಲ್ಲ. ಅದರ ದೊಡ್ಡ ಗುಣ ಇದು. ಎಂಜಿನ್ ಚಾಲೂ ಆಗದಿದ್ದರೆ ಮೂರೇ ಪ್ರಶ್ನೆ. ಪೆಟ್ರೋಲು ಬರುತ್ತಿದೆಯೇ? ಗಾಳಿ ಸರಿಯಾಗಿ ಬೆರೆಯುತ್ತಿದೆಯೇ? ಸರಿಯಾದ ಕ್ಷಣದಲ್ಲಿ ಕಿಡಿ ಹಾರುತ್ತಿದೆಯೇ? ಒಂದೊಂದನ್ನೇ ಪರೀಕ್ಷಿಸಿ ಸರಿಯಿದ್ದುದನ್ನು ಪಟ್ಟಿಯಿಂದ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದೇ ಕಳ್ಳ. ವಿಜ್ಞಾನದ ಪ್ರಯೋಗಾಲಯದಲ್ಲಿ ಕಲಿಸುವ ವಿಧಾನ ಇದಕ್ಕಿಂತ ಬೇರೆಯೇನಲ್ಲ.

ಎಂಜಿನ್ನಿನ ಎಣ್ಣೆಯ ವಿಚಾರ ನೋಡಿ. ಕ್ರ್ಯಾಂಕ್ ಶಾಫ್ಟಿಗೆ ಎಣ್ಣೆ ಹೋಗುವುದು ಎರಡು ಸಣ್ಣ ರಂಧ್ರಗಳಿಂದ ಚಿಮ್ಮಿ. ತಿರುಗುವ ಶಾಫ್ಟು ಆ ಎಣ್ಣೆಯನ್ನು ಹಿಡಿದು ಬೇಕಾದಲ್ಲಿಗೆ ಸಾಗಿಸುತ್ತದೆ. ಒಂದು ಕಸದ ಚೂರು ರಂಧ್ರಕ್ಕೆ ಅಡ್ಡವಾದರೆ ಸಾಕು, ಬೇರಿಂಗು ಸುಟ್ಟುಹೋಗುತ್ತದೆ. ಅದಕ್ಕೇ ಹೊರಗಿನಿಂದ ಒಂದು ತಿರುಪು ಬಿಚ್ಚಿ, ಸಪೂರ ತಂತಿ ತೂರಿಸಿ ರಂಧ್ರ ಸ್ವಚ್ಛ ಮಾಡುವ ಅನುಕೂಲ ಕೊಟ್ಟಿದ್ದಾರೆ. ಐದು ನಿಮಿಷದ ಕೆಲಸ. ಮರೆತರೆ ಐದು ತಿಂಗಳ ಕೆಲಸ!

ಕಾಲಕಾಲಕ್ಕೆ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಕಟ್ಟಿದ ಮಸಿ ಕೆರೆದು, ವಾಲ್ವುಗಳನ್ನು ಅರೆಯುವುದು ಹಳೆಯ ಎಂಜಿನ್ನುಗಳ ಹಬ್ಬದ ಸ್ನಾನವಿದ್ದಂತೆ. ವಾಲ್ವಿನ ಅಂಚಿಗೆ ಅರೆಯುವ ಲೇಪ ಹಚ್ಚಿ, ಹಿಡಿಕೆಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾರೆ. ಸುತ್ತಲೂ ಒಂದೇ ಸಮನಾದ ಬೂದು ಬಣ್ಣದ ಉಂಗುರ ಮೂಡಿದರೆ ಕೆಲಸ ಮುಗಿಯಿತು. ಈ ಕಾರಿಗೆ ಮಿಲಿಮೀಟರ್ ಲೆಕ್ಕದ ಸ್ಪ್ಯಾನರುಗಳು ಕೂರುವುದಿಲ್ಲ. ಹಳೆಯ ಬ್ರಿಟಿಷ್ ಅಳತೆಯವೇ ಬೇಕು. ಹತ್ತಿರದ ಅಳತೆಯದನ್ನು ಹಾಕಿ ಬಲ ಬಿಟ್ಟರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಅವಸರಕ್ಕೆ ತಕ್ಷಣ ಸಿಗುವ ದಂಡ ಅದು.

ಎಲ್ಲ ದೋಷವೂ ಸುಲಭದ್ದಲ್ಲ. 1936ರವರೆಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿಗೆ ಆಧಾರ ಎರಡೇ ಕಡೆ. ನಡುವೆ ಆಸರೆಯಿಲ್ಲದ್ದರಿಂದ ವೇಗ ಹೆಚ್ಚಿದಾಗ ಅದು ಬಾಗುತ್ತದೆ, ಎಷ್ಟೋ ವರ್ಷ ದುಡಿದ ಮೇಲೆ ಒಮ್ಮೆ ಮುರಿಯಲೂಬಹುದು. ಹಾಗಾದಾಗ ಮಾಲೀಕರು ಕಾರನ್ನು ಗುಜರಿಗೆ ಹಾಕುವುದಿಲ್ಲ. ಹೊಸ ಶಾಫ್ಟು, ಪಿಸ್ಟನ್ನು, ಗ್ಯಾಸ್ಕೆಟ್ಟುಗಳನ್ನು ಈಗಲೂ ತಯಾರಿಸಿ ಮಾರುವ ಸಣ್ಣ ವರ್ಕ್‌ಷಾಪುಗಳಿವೆ. ಸಂಘಗಳಿವೆ; ಅಲ್ಲಿ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ. 1939ರಲ್ಲಿ ಹುಟ್ಟಿದ ‘750 ಮೋಟಾರ್ ಕ್ಲಬ್’ ಅಂಥದೊಂದು. ಹೆಸರು ಬಂದದ್ದು ಸೆವೆನ್ ಎಂಜಿನ್ನಿನ ಗಾತ್ರದಿಂದಲೇ.

ಕೆಸರಿನ ಗುಡ್ಡದ ಪರೀಕ್ಷೆ

ರಿಪೇರಿ ಸರಿಯಾಗಿದೆಯೇ ಎಂದು ತಿಳಿಯಲು ಪಂದ್ಯಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು? ಈ ಪುಟ್ಟ ಕಾರು ಹುಟ್ಟಿದ ಮರುವರ್ಷವೇ, ಅಂದರೆ 1923ರಲ್ಲಿ, ಆಸ್ಟಿನ್ ಅವರ ಅಳಿಯ ಆರ್ಥರ್ ವೇಟ್ ಇಟಲಿಯ ಮೊಂಝಾದಲ್ಲಿ ಸಣ್ಣ ಕಾರುಗಳ ಪಂದ್ಯ ಗೆದ್ದರು. 1930ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ಪಂದ್ಯದಲ್ಲಿ ದೊಡ್ಡ ದೊಡ್ಡ ಕಾರುಗಳಿದ್ದವು. ಎಂಜಿನ್ ಗಾತ್ರಕ್ಕೆ ತಕ್ಕ ರಿಯಾಯಿತಿಯಿದ್ದ ಆ ಪಂದ್ಯವನ್ನು ಗೆದ್ದದ್ದು ಸೆವೆನ್! ಸರಾಸರಿ ವೇಗ ಗಂಟೆಗೆ 83 ಮೈಲಿಗೂ ಹೆಚ್ಚು.

ಇಂದಿಗೂ ಹಳೆಯ ಕಾರುಗಳಿಗೆಂದೇ ನಡೆಯುವ ಸ್ಪರ್ಧೆಗಳಲ್ಲಿ ಅತಿ ಮೋಜಿನದು ಚಳಿಗಾಲದ ಕೆಸರು ಗುಡ್ಡದ ಪರೀಕ್ಷೆ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಗುಡ್ಡದ ಏರಿನುದ್ದಕ್ಕೂ ಅಂಕೆಗಳ ಫಲಕ ನೆಟ್ಟಿರುತ್ತಾರೆ. ನಿಲ್ಲದೆ ಎಷ್ಟನೆಯ ಫಲಕದವರೆಗೆ ಏರಿದಿರೋ ಅಷ್ಟು ಅಂಕ. ಎಂಜಿನ್ ಎಷ್ಟು ಬಲವಾಗಿದ್ದರೇನು, ಹಿಂದಿನ ಚಕ್ರಕ್ಕೆ ಹಿಡಿತ ಸಿಗದಿದ್ದರೆ ಅದು ನಿಂತಲ್ಲೇ ತಿರುಗಿ ಕೆಸರೆರಚುತ್ತದೆ. ಘರ್ಷಣೆ ಇರುವುದು ಒತ್ತಡವಿದ್ದಲ್ಲಿ. ಆದ್ದರಿಂದ ಪಕ್ಕದಲ್ಲಿ ಕುಳಿತವರು ಸೀಟಿನ ಮೇಲೆ ಎದ್ದೆದ್ದು ಕುಪ್ಪಳಿಸಿ ಹಿಂದಿನ ಚಕ್ರಗಳ ಮೇಲೆ ಭಾರ ಹಾಕುತ್ತಾರೆ! ಭಾರಿ ಕಾರುಗಳು ಹೂತುಹೋಗುವಲ್ಲಿ ಹಗುರವಾದ ಸೆವೆನ್ ಮೇಕೆಯಂತೆ ಏರಿಬಿಡುತ್ತದೆ. ಬೆಳಿಗ್ಗೆ ಮನೆಯಿಂದ ಅದೇ ಕಾರಿನಲ್ಲಿ ಬಂದು, ಸಂಜೆ ಮೈತುಂಬ ಕೆಸರು ಮೆತ್ತಿಕೊಂಡು ಅದೇ ಕಾರಿನಲ್ಲಿ ಮರಳುವವರೂ ಇದ್ದಾರೆ.

ಮೂವರು ಕಲಿತ ಪಾಠ

ಸೆವೆನ್ ಹಳೆಯದಾಗಿ ಅಗ್ಗವಾದಾಗ ಅದು ಕಿರಿಯರ ಕೈಗೆ ಬಂತು. ಅವರಲ್ಲಿ ಮೂವರ ಹೆಸರು ಚರಿತ್ರೆಯಲ್ಲಿದೆ.

ಮೊದಲನೆಯವರು ಅಲೆಕ್ ಇಸಿಗೋನಿಸ್. ಓದುವಾಗ ಗಣಿತದ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವರು. 1930ರ ದಶಕದಲ್ಲಿ ಗೆಳೆಯನ ಜತೆ ಸೇರಿ ಸೆವೆನ್‌ನ ಭಾಗಗಳನ್ನು ಬಳಸಿ ಕೈಯಿಂದಲೇ ಒಂದು ಹಗುರ ಪಂದ್ಯದ ಕಾರು ಕಟ್ಟಿದರು. ಅದರಲ್ಲಿ ಸ್ಪ್ರಿಂಗಿನ ಕೆಲಸಕ್ಕೆ ರಬ್ಬರನ್ನು ಬಳಸಿ ನೋಡಿದರು. 1959ರಲ್ಲಿ ಅವರ ವಿನ್ಯಾಸದಂತೆ ಹೊರಬಂದ ಜಗತ್ಪ್ರಸಿದ್ಧ ‘ಮಿನಿ’ ಕಾರಿನಲ್ಲೂ ಸ್ಪ್ರಿಂಗಿನ ಜಾಗದಲ್ಲಿದ್ದದ್ದು ರಬ್ಬರೇ. ಗಣಿತ ಬೇಡವೆಂದು ಇದರ ಅರ್ಥವಲ್ಲ. ತೆರಿಗೆಯ ಲೆಕ್ಕ ತಿಳಿಯದಿದ್ದರೆ ಸೆವೆನ್ ಹುಟ್ಟುತ್ತಲೇ ಇರಲಿಲ್ಲ. ಒಂದು ಪರೀಕ್ಷೆಯ ಫಲಿತಾಂಶದಲ್ಲಿ ಮಗುವಿನ ಎಲ್ಲ ಶಕ್ತಿಯೂ ಕಾಣುವುದಿಲ್ಲ ಎಂದಷ್ಟೇ.

ಎರಡನೆಯವರು ಕಾಲಿನ್ ಚಾಪ್‌ಮನ್, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವರು. ಮುಂದೆ ಪತ್ನಿಯಾದ ಹೇಜಲ್ ವಿಲಿಯಮ್ಸ್ ಅವರ ತಂದೆತಾಯಿಯ ಗ್ಯಾರೇಜಿನಲ್ಲಿ ಹಳೆಯ ಸೆವೆನ್ ಒಂದರ ಮೈ ಕಳಚಿ, ಹಗುರವೂ ಬಿಗಿಯೂ ಆದ ಹೊಸ ಮೈ ಕಟ್ಟಿದರು. 1948ರ ಆ ಕಾರೇ ಮೊದಲ ಲೋಟಸ್. ಸೆವೆನ್ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳು ಒಂದೇ ದಾರಿಯಿಂದ ಉಸಿರೆಳೆಯುತ್ತಿದ್ದವು. 1951ರ ಪಂದ್ಯದ ಕಾರಿನಲ್ಲಿ ಚಾಪ್‌ಮನ್ ಆ ದಾರಿಯನ್ನು ಜಾಣತನದಿಂದ ಇಬ್ಭಾಗ ಮಾಡಿದರು. ಕಾರು ಎಷ್ಟು ಮುಂದೆ ಹೋಯಿತೆಂದರೆ, ಆ ಉಪಾಯ ನಡೆಯದಂತೆ ನಿಯಮವನ್ನೇ ಬದಲಿಸಬೇಕಾಯಿತು! ಮುಂದೆ ಅವರ ತಂಡ ಫಾರ್ಮುಲಾ ಒನ್‌ನಲ್ಲಿ ಏಳು ಸಲ ತಯಾರಕರ ಚಾಂಪಿಯನ್ ಪಟ್ಟ ಗೆದ್ದಿತು.

ಮೂರನೆಯ ಕಥೆ ತಂದೆತಾಯಂದಿರು ಕೇಳಬೇಕಾದ್ದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1937ರಲ್ಲಿ ಹುಟ್ಟಿದ ಬ್ರೂಸ್ ಮೆಕ್‌ಲಾರೆನ್‌ಗೆ ಒಂಬತ್ತರ ವಯಸ್ಸಿನಲ್ಲಿ ಸೊಂಟದ ಕೀಲಿನ ಕಾಯಿಲೆ ಬಂತು. ಬಹುಕಾಲ ಆಸ್ಪತ್ರೆಯಂಥ ಆರೈಕೆಯ ಮನೆಯೊಂದರಲ್ಲಿ ಮಲಗಿಯೇ ಇರಬೇಕಾಯಿತು. ಎದ್ದು ಬಂದಾಗ ಒಂದು ಕಾಲು ಗಿಡ್ಡವಾಗಿತ್ತು. ತಂದೆ ಲೆಸ್ ಅವರದು ಕಾರು ರಿಪೇರಿಯ ಗ್ಯಾರೇಜು. ಬಿಡಿಬಿಡಿಯಾಗಿ ಕಳಚಿಟ್ಟಿದ್ದ ಆಸ್ಟಿನ್ ಸೆವೆನ್ ಒಂದನ್ನು ಅವರು ತಂದರು. ‘ಅಲ್‌ಸ್ಟರ್’ ಎಂಬ ಪಂದ್ಯದ ಮಾದರಿ. ಆ ಕಾಲಿನ ಹುಡುಗನಿಗೆ ಇದೆಲ್ಲ ಬೇಡ ಎಂದು ಅವರು ಅನ್ನಲಿಲ್ಲ. ಇಬ್ಬರೂ ಸೇರಿ ಕಾರು ಜೋಡಿಸಿದರು. 1952ರಲ್ಲಿ, ಇನ್ನೂ ಶಾಲೆಗೆ ಹೋಗುತ್ತಿದ್ದ ಬ್ರೂಸ್ ಅದೇ ಕಾರಿನಲ್ಲಿ ಮೊದಲ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದ. 1959ರಲ್ಲಿ, 22ರ ವಯಸ್ಸಿನಲ್ಲಿ, ಅಮೆರಿಕನ್ ಗ್ರ್ಯಾಂಡ್ ಪ್ರಿ ಗೆದ್ದ. 1963ರಲ್ಲಿ ಸ್ವಂತ ತಂಡ ಕಟ್ಟಿದ. 1970ರಲ್ಲಿ ಹೊಸ ಕಾರೊಂದನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 32. ಅವರ ಹೆಸರಿನ ತಂಡ ಇಂದಿಗೂ ಇದೆ. 2024ರಲ್ಲಿ ತಯಾರಕರ ಪಟ್ಟ ಗೆದ್ದಿತು.

ಕೈಗೆ ಕೊಡುವ ಧೈರ್ಯ

ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ನೋಂದಣಿ ಪಡೆಯಬಹುದು. ಹಾಗೆ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಹೊರತೆಗೆಯಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೊಗೆ, ಸುರಕ್ಷತೆ, ನಮ್ಮ ರಸ್ತೆಗಳ ದಟ್ಟಣೆ ನೆನೆದರೆ ಇದರಲ್ಲಿ ಅರ್ಥವಿದೆ. ಹಳೆಯ ಕಾರು ಕೊಳ್ಳುವ ಶಕ್ತಿಯಾದರೂ ಎಷ್ಟು ಮನೆಗಳಿಗಿದೆ?

ಆದರೆ ಸೆವೆನ್ ಕಲಿಸಿದ ಪಾಠಕ್ಕೆ ಕಾರೇ ಬೇಕೆಂದಿಲ್ಲ. ಮನೆಯ ಮೂಲೆಯಲ್ಲಿ ಒರಗಿಸಿಟ್ಟ ಸೈಕಲ್ ಸಾಕು. ಹಿಂದಿನ ಚಕ್ರದ ಹಬ್ ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಣಿಸಿ, ಹೊಸ ಗ್ರೀಸ್ ತುಂಬಿ ಮತ್ತೆ ಜೋಡಿಸಿದ ಮಗುವಿಗೆ ಬೇರಿಂಗ್ ಎಂದರೇನೆಂದು ಪುಸ್ತಕ ಹೇಳಬೇಕಾಗಿಲ್ಲ. ಮೊದಲ ಸಲ ಒಂದು ಗುಂಡು ಕಳೆದೀತು, ಚಕ್ರ ಓಲಾಡೀತು. ಆಗ ಬೈಗುಳ ಬಿದ್ದರೆ ಎರಡನೆಯ ಸಲ ಇರುವುದಿಲ್ಲ.

ಮಕ್ಕಳ ಕೈಗೆ ಸ್ಪ್ಯಾನರ್ ಕೊಡುವಾಗ ಹಿರಿಯರು ಪಕ್ಕದಲ್ಲಿರಬೇಕು. ಕರೆಂಟಿನ ಸಾಮಾನಾದರೆ ಪ್ಲಗ್ ಕಿತ್ತಿಡಬೇಕು. ಒಳಗೆ ಕರೆಂಟ್ ಉಳಿಸಿಕೊಳ್ಳುವ ಟಿ.ವಿ.ಯಂಥವನ್ನು ಬಿಚ್ಚಲೇಬಾರದು. ಬರಿಯ ಜಾಕ್ ನಂಬಿ ಯಾರೂ ಕಾರಿನಡಿಗೆ ತೂರಬಾರದು. ಪೆಟ್ರೋಲಿನ ಹತ್ತಿರ ಬೆಂಕಿ ಸುಳಿಯಕೂಡದು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುವ ಅಭ್ಯಾಸ ಮೊದಲ ದಿನವೇ ಬರಬೇಕು. ಇಷ್ಟು ಎಚ್ಚರ ಹೇಳಿಕೊಟ್ಟ ಮೇಲೆ ಕೈ ಹಿಂತೆಗೆದು ನೋಡುತ್ತ ಕೂರುವುದೇ ಹಿರಿಯರ ಕೆಲಸ. ಕಷ್ಟದ ಕೆಲಸವೂ ಅದೇ.

ಹರ್ಬರ್ಟ್ ಆಸ್ಟಿನ್ ಹದಿನೆಂಟರ ಹುಡುಗನನ್ನು ನಂಬಿ ನಕ್ಷೆಯ ಹಲಗೆ ಕೊಟ್ಟರು. ಲೆಸ್ ಮೆಕ್‌ಲಾರೆನ್ ಕುಂಟುವ ಮಗನನ್ನು ನಂಬಿ ಕಳಚಿದ ಕಾರಿನ ಮುಂದೆ ಕೂರಿಸಿಕೊಂಡರು. ‘ಮುಟ್ಟಬೇಡ, ಕೆಟ್ಟುಹೋಗುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಕೆಟ್ಟದ್ದು ವಸ್ತುವಾದರೆ ಇನ್ನೊಮ್ಮೆ ಬಿಚ್ಚಿ ಸರಿಮಾಡಬಹುದು. ಮುಟ್ಟಿ ನೋಡುವ ಆಸೆಯೇ ಕೆಟ್ಟುಹೋದರೆ ಅದನ್ನು ಸರಿಮಾಡುವ ಸ್ಪ್ಯಾನರು ಯಾವ ಅಂಗಡಿಯಲ್ಲೂ ಸಿಗದು.